ಬೇಲಿಯ ಮೇಲಿನ ನೀಲವ್ವ

ಕೊತ್ತಂಬರಿ ತರಲೆಂದು ಹೋದ ಭುವನೇಶ್ವರಿ ಆ ಬೆಳಿಗ್ಗೆ ಬರಿಗೈಯಲ್ಲಿ ತಿರುಗಿ ಬಂದಳು.

ಇಲ್ಫರ್ಡ್ ಸ್ಟೇಷನ್ನಿನಿಂದ ಸಾಲು ಅಂಗಡಿಗಳ ಕ್ಲಾರೆನ್ಸ್ ಆರ್ಕೇಡಿಗೆ ಬರುವ ದಾರಿಯಲ್ಲಿ ಹಳೆಯ ಕಾರ್ ಪಾರ್ಕು ಕೆಡವಿ, ಸುತ್ತಲೂ ಹಲಗೆಯ ಬೇಲಿ ಹಾಕಿದ್ದರು. ಒಳಗೆ ಕ್ರೇನುಗಳು. ಹೊರಗೆ ಬೇಲಿಯ ಮೇಲೆ ಮುಂದೆ ಏಳಲಿರುವ ಗಾಜಿನ ಗೋಪುರಗಳ ಚಿತ್ರ. ದಿನಾ ನೋಡಿ ಅವಳಿಗೆ ಅದು ರೂಢಿಯಾಗಿಬಿಟ್ಟಿತ್ತು. ಆ ದಿನ ಗೋಪುರಗಳ ನಡುವೆ ಅವಳ ಅತ್ತೆ ನೀಲವ್ವ ನಿಂತಿದ್ದಳು. ಎರಡಾಳು ಎತ್ತರ. ಹಣೆಯ ಕುಂಕುಮವೇ ಊಟದ ತಟ್ಟೆಯಷ್ಟಿತ್ತು. ಬಾಯಿ ತುಂಬ ನಗುತ್ತ, ಎದುರಿಗಿದ್ದ ಬಿಳಿ ಹುಡುಗಿ ಒಡ್ಡಿದ ಶಾಲಿನೊಳಗೆ ತೆಂಗಿನಕಾಯಿ ಹಾಕುತ್ತಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರ: ನೆರೆಹೊರೆಯ ಆಶೀರ್ವಾದದೊಂದಿಗೆ, ಹೊಸ ಇಲ್ಫರ್ಡ್.

ಭುವನೇಶ್ವರಿ ಬಂದ ದಾರಿಯಲ್ಲೇ ತಿರುಗಿದಳು. ಆರ್ಕೇಡಿನ ಬಾಯಲ್ಲಿ ಲೇಸು, ಗುಂಡಿ ಮಾರುವ ಫರೀದಾ ತನ್ನ ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಇಪ್ಪತ್ತು ವರ್ಷದಿಂದ ದಿನಾ ಸಲಾಂ ಹೇಳುವ ಫರೀದಾ. ಸಿಯಾಲ್ಕೋಟದವಳು; ಇಬ್ಬರೂ ಮುರುಕು ಹಿಂದಿಯಲ್ಲಿ ಮಾತಾಡಿಕೊಂಡೇ ಇಷ್ಟು ಕಾಲ ಕಳೆದವರು. ಅವತ್ತು ಅವಳು ಸಲಾಂ ಹೇಳಲಿಲ್ಲ. ನಿಮ್ಮ ಮನೆಯವರು ಈ ಗೋಪುರ ಕಟ್ಟುವ ಕಂಪನಿಯ ಕಡೆ ಆಗುವುದಾದರೆ ಆಗಲಿ, ಒಂದು ಮಾತು ಮೊದಲೇ ಹೇಳಬಹುದಿತ್ತು ಎಂದು ಬೀಗದ ಕಡೆಗೇ ನೋಡುತ್ತ ಅಂದಳು.

ಭುವನೇಶ್ವರಿ ನೇರ ಮನೆಗೆ ನಡೆದಳು. ಮೊದಲಿನಿಂದಲೂ ಅವಳಿಗೆ ಮಾತು ತಡವಾಗಿ ಬರುವುದು. ಆಡಬೇಕಾದದ್ದು ಮೆಟ್ಟಿಲು ಹತ್ತಿ ಮನೆ ಸೇರಿದ ಮೇಲೆ ನೆನಪಾಗುವುದು.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಭುವನೇಶ್ವರಿ ಕುಪ್ಪಸ ಹೊಲಿಯುತ್ತಾಳೆ, ಪ್ಯಾಂಟಿನ ಉದ್ದ ಮಡಚುತ್ತಾಳೆ, ಜಿಪ್ ಹಾಕುತ್ತಾಳೆ. ಗಂಡ ಸತ್ಯಪ್ರಕಾಶ ಸೂಟ್‌ಕೇಸುಗಳ ಗಾಲಿ ರಿಪೇರಿ ಮಾಡುತ್ತಾನೆ, ಡ್ರೈಕ್ಲೀನಿಂಗಿನ ಬಟ್ಟೆ ತೆಗೆದುಕೊಳ್ಳುತ್ತಾನೆ. ಮಾವ ಶೇಖರಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವ. ವಿಜಯಪುರದ ಕಡೆಯಿಂದ ಮೊದಲು ಈ ಇಂಗ್ಲಿಷರ ಊರಿಗೆ ಬಂದು ಈ ಅಂಗಡಿಯನ್ನೂ ಮನೆಯನ್ನೂ ಬಾಡಿಗೆಗೆ ಹಿಡಿದವನು ಅವನೇ. ಈಗ ಕಂಪನಿಯವರು ಕಾರ್ ಪಾರ್ಕು ಮುಗಿಸಿ ಎರಡನೇ ಹಂತಕ್ಕೆ ಈ ಆರ್ಕೇಡನ್ನೇ ಕೆಡವುತ್ತಾರಂತೆ. ಕೌನ್ಸಿಲ್ಲಿನ, ಅಂದರೆ ಊರಿನ ಪುರಸಭೆಯ, ಒಪ್ಪಿಗೆ ಇನ್ನೂ ಸಿಕ್ಕಿರಲಿಲ್ಲ. ಯಾರೂ ಬಿಟ್ಟುಕೊಡಬಾರದು ಎಂದು ಅಂಗಡಿಯವರೆಲ್ಲ ಒಂದಾಗಿ ಕಿಟಕಿಗೆ ಹಳದಿ ಕಾಗದ ಅಂಟಿಸಿದ್ದರು. ಆ ಹೋರಾಟದ ಮುಂದಾಳು ಫರೀದಾ.

ನೀಲವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಅತ್ತಿ, ನಿಮ್ಮ ಫೋಟೊ ಬೇಲಿ ಮ್ಯಾಲ ಹಾಕ್ಯಾರ."

"ಯಾವ ಬೇಲಿ?"

"ಕಾರ್ ಪಾರ್ಕಿಂದು."

"ಯಾಕ, ನಾ ಏನ್ ಕಳವು ಮಾಡೇನೇನು?" ನೀಲವ್ವನ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು.

ಕಿಟಕಿಯ ಹತ್ತಿರ ಕೂತು ಕ್ರೇನು ನೋಡುವುದೇ ಕೆಲಸವಾಗಿದ್ದ ಶೇಖರಪ್ಪ ತಿರುಗಿ, "ಎಲೆಕ್ಷನ್‌ಗೆ ನಿಂತಿಯೇನ? ಮನ್ಯಾಗ ಒಂದ್ ಮಾತು ಹೇಳಬಾರದಾ?" ಎಂದ.

ಚಿತ್ರದ ಕೆಳಗೆ ಬರೆದಿದ್ದೇನೆಂದು ಭುವನೇಶ್ವರಿ ಹೇಳಿದ ಮೇಲೆ ರೊಟ್ಟಿಯ ಸದ್ದು ನಿಂತಿತು.

ಆದದ್ದು ಇಷ್ಟೇ. ಎರಡು ತಿಂಗಳ ಹಿಂದೆ, ಶ್ರಾವಣದ ಒಂದು ಶುಕ್ರವಾರ, ಕಂಪನಿಯಿಂದ ಬೆಥನಿ ಎಂಬ ಹುಡುಗಿ ಬಂದಿದ್ದಳು, ಜೊತೆಗೆ ಫೋನು ಹಿಡಿದ ಒಬ್ಬ ಯುವಕ. ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಕೇಳುವುದು ಅವಳ ಕೆಲಸ. ಮೆಟ್ಟಿಲು ಹತ್ತಿ ಬಂದವಳಿಗೆ ಏದುಸಿರು. ನೀಲವ್ವ ಒಮ್ಮೆ ಅವಳ ನಡಿಗೆ ನೋಡಿದಳು, ಒಮ್ಮೆ ಕಣ್ಣ ಕೆಳಗಿನ ಕಪ್ಪು ನೋಡಿದಳು. "ಐದು ತುಂಬೇತಿ ಇಕಿಗೆ" ಎಂದು ಸೊಸೆಗೆ ಹೇಳಿ ನೀರು ಕೊಟ್ಟಳು, ಅವಲಕ್ಕಿ ಕೊಟ್ಟಳು. ಹುಡುಗಿಯ ತಾಯಿ ದೂರದ ಊರಲ್ಲಿದ್ದಾಳೆ, ಒಬ್ಬಳೇ ದುಡಿಯುತ್ತಾಳೆ ಎಂದು ತಿಳಿಯಿತು. ಹೊರಡಲು ಎದ್ದಾಗ ನೀಲವ್ವ ಬಾಗಿಲಿಗೆ ಅಡ್ಡ ನಿಂತಳು. ಶುಕ್ರವಾರ ಮನೆಗೆ ಬಂದ ಬಸುರಿ ಹೆಣ್ಣುಮಗಳನ್ನು ಹಾಗೇ ಕಳಿಸುವುದು ಅವಳ ಜನ್ಮದಲ್ಲಿ ಇಲ್ಲ. ಸೆರಗಿಲ್ಲದ ಹುಡುಗಿಗೆ ಭುವನೇಶ್ವರಿಯ ಹಸಿರು ಶಾಲು ಹೊದಿಸಿ, ಅದರ ತುದಿ ಹಿಡಿಸಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ, ಮೇಲೊಂದು ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಯುವಕ ಫೋಟೊ ತೆಗೆಯಲೇ ಎಂದ. ಮನೆಗೆ ಬಂದವರು ಫೋಟೊ ತೆಗೆಯುವುದು ಹೊಸದೇನಲ್ಲ. ನೀಲವ್ವ ಸೆರಗು ಸರಿ ಮಾಡಿಕೊಂಡು ನಿಂತಳು. ಆಮೇಲೆ ಅವನು ಫೋನಿನ ಪರದೆಯನ್ನು ಮುಂದೆ ಹಿಡಿದ. ಪಾರ್ಸೆಲ್ ಬಂದಾಗ ಗೀಚುವ ಹಾಗೆ ಅವಳು ಬೆರಳಿನಿಂದ ಗೀಚಿದಳು. ಪಕ್ಕದಲ್ಲೇ ನಿಂತಿದ್ದ ಭುವನೇಶ್ವರಿಯೂ ಏನದು ಎಂದು ಕೇಳಲಿಲ್ಲ.

ಆ ರಾತ್ರಿಯ ಊಟಕ್ಕೆ ಪುಂಡಿ ಪಲ್ಯ, ಜೋಳದ ರೊಟ್ಟಿ. ಶೇಂಗಾ ಹಿಂಡಿಯ ಡಬ್ಬಿ ನಡುವೆ ಇತ್ತು, ಯಾರೂ ಅದಕ್ಕೆ ಕೈ ಹಾಕಲಿಲ್ಲ. ಕಾಲೇಜಿನಿಂದ ಬಂದ ಮೊಮ್ಮಗಳು ಸೃಷ್ಟಿ ಬ್ಯಾಗು ಇಳಿಸುವ ಮೊದಲೇ ಶುರುಮಾಡಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇದು ಮೋಸ, ದೂರು ಕೊಡಬೇಕು, ಇವತ್ತೇ ಕೊಡಬೇಕು ಎಂದಳು.

"ಸುಮ್ಕ ಊಟ ಮಾಡು" ಎಂದ ಸತ್ಯಪ್ರಕಾಶ. "ಫೋಟೊ ಹಾಕಿದ್ರ ಏನಾತು? ಕೆಟ್ಟದ್ದೇನ್ ಬರದಿಲ್ಲಲ್ಲ."

"ಫರೀದಾ ಮಾತು ಬಿಟ್ಟಾಳ" ಎಂದಳು ಭುವನೇಶ್ವರಿ.

"ಬಿಡ್ಲಿ. ನಾಕ ದಿನಕ್ಕ ಸರಿ ಆಗ್ತಾಳ."

"ಆರ್ಕೇಡಿನವರ ವಾಟ್ಸಾಪ್ ಗ್ರೂಪಿನ್ಯಾಗಿಂದ ನಿಮ್ಮನ್ನ ತಗದಾರಲ್ಲ, ಅದೂ ಸರಿ ಆಗ್ತೈತೇನ್ರಿ?"

ಅವನು ರೊಟ್ಟಿ ಮುರಿಯುತ್ತ ಕೂತ. ಮುರಿದ ತುಂಡನ್ನು ಮತ್ತೆ ಮುರಿದ. ಬಾಯಿಗೆ ಹಾಕಲಿಲ್ಲ. ಕೊನೆಗೆ ಹೊರಬಂತು. ಕಂಪನಿಯವನೊಬ್ಬ ಎರಡು ಸಲ ಅವನನ್ನು ಕಂಡು ಮಾತಾಡಿದ್ದನಂತೆ. ಸಹಕಾರ ಕೊಟ್ಟವರಿಗೆ ಹೊಸ ಕಟ್ಟಡದ ನೆಲಮಹಡಿಯಲ್ಲಿ ಮೊದಲು ಅಂಗಡಿ ಕೊಡುತ್ತಾರಂತೆ. ಫೋಟೊ ಬಗ್ಗೆ ಗದ್ದಲ ಎಬ್ಬಿಸಿದರೆ ಅದೂ ಹೋಗುತ್ತದೆ.

"ಹಂಗಾರ ನಾವು ಅವರ ಕಡೆ ಅಂತ ಫರೀದಾ ಅಂದಿದ್ದು ಸುಳ್ಳಲ್ಲ" ಎಂದಳು ಭುವನೇಶ್ವರಿ. ಅಷ್ಟು ಬೇಗ ಅವಳ ಬಾಯಲ್ಲಿ ಮಾತು ಬಂದದ್ದಕ್ಕೆ ಎಲ್ಲರೂ ಅವಳ ಮುಖ ನೋಡಿದರು.

"ನಾ ಯಾರ್ ಕಡೀನೂ ಅಲ್ಲ. ನನ್ ಮಗಳ ಕಡೆ ಅದೀನಿ. ಈ ಹಲಗಿ ಆರ್ಕೇಡು ಎಷ್ಟು ದಿನ ನಿಲ್ತದ? ಮ್ಯಾಲಿಂದ ನೀರು ಸೋರ್ತದ, ಕೆಳಗ ಇಲಿ."

"ಸೋರಿದ್ರ ಬಕೀಟು ಇಡೋದು ನಾನು" ಎಂದಳು ನೀಲವ್ವ. ಆಮೇಲೆ ತಟ್ಟೆ ಸರಿಸಿ, "ಆ ಉಡಿ ತುಂಬಿದ್ದು ತಪ್ಪು ಅಂತ ಯಾರೂ ಅನ್ನಬ್ಯಾಡ್ರಿ. ಮುಂದಿಂದ ನಿಮ್ಮ ನಿಮ್ಮೊಳಗ ಬಡಿದಾಡ್ರಿ" ಎಂದು ಎದ್ದಳು.

ಬಡಿದಾಟ ವಾರಗಟ್ಟಲೆ ನಡೆಯಿತು. ಆರ್ಕೇಡಿನವರು ಯಾರೂ ಬಾಯಿ ಬಿಟ್ಟು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಣಮೀನು ಮಾರುವ ಘಾನಾದ ಅಬೆನಾ ಮಗಳ ಮದುವೆಯ ಬಟ್ಟೆ ಅಳತೆಗೆ ಕೊಟ್ಟಿದ್ದಳು, ವಾಪಸು ಒಯ್ದಳು. ಮೂಲೆಯ ಕ್ಷೌರದ ಅಂಗಡಿಯವನು ಶೇಖರಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಎಷ್ಟು ಕೊಟ್ಟರು ಅಜ್ಜ ಎಂದು ನಗುತ್ತ ಕೇಳಿದನಂತೆ. ಅರ್ಧ ಕ್ಷೌರಕ್ಕೇ ರೊಕ್ಕ ಕೊಟ್ಟು ಎದ್ದು ಬಂದ ಶೇಖರಪ್ಪ ಉಳಿದರ್ಧವನ್ನು ಮನೆಯಲ್ಲಿ ಮಗನ ಟ್ರಿಮ್ಮರಿನಿಂದ ತಾನೇ ಮಾಡಿಕೊಂಡ. ಹಿಂದೆ ಒಂದು ಗೆರೆ ಓರೆಯಾಗಿ ಉಳಿಯಿತು.

ನೀಲವ್ವ ಸ್ಟೇಷನ್ನಿನ ದಾರಿಯಲ್ಲಿ ಹೋಗುವುದನ್ನು ಬಿಟ್ಟಳು. ತರಕಾರಿಗೆ ಸುತ್ತು ಹಾಕಿ ಹೋಗುತ್ತಿದ್ದಳು. ಒಂದು ದಿನ ಶಾಲೆಯ ಹುಡುಗರು ಒಬ್ಬರ ಹೆಗಲೇರಿ ಒಬ್ಬರು ಬೇಲಿಯ ಮೇಲಿನ ಅವಳ ಮುಖಕ್ಕೆ ಮೀಸೆ ಬರೆದಿದ್ದು ಕಂಡು ಭುವನೇಶ್ವರಿ ಏಣಿ, ಬಕೆಟು, ಬಟ್ಟೆ ಒಯ್ದು ಒರೆಸಿದಳು. ಹೋಗುವ ಬರುವ ಜನ ನಿಂತು ನೋಡಿದರು. ಅತ್ತೆಯ ಹಲ್ಲು ಅವಳ ಅಂಗೈಗಿಂತ ದೊಡ್ಡವಿದ್ದವು. ಒರೆಸುತ್ತ ಒರೆಸುತ್ತ ಅವಳಿಗೆ ಮೈಯೆಲ್ಲ ಉರಿಯತೊಡಗಿತು. ಮೀಸೆ ಬರೆದ ಹುಡುಗರ ಮೇಲಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು: "ನಿಮಗ ಕೊಡೋ ಅಂಗಡಿ ಎಲ್ಲೈತಿ, ತೋರಿಸ್ರಿ. ನೋಡ್ಕೊಂಡ ಬರೋಣ."

ಶನಿವಾರ ಅಂಗಡಿಯನ್ನು ಮಾವನಿಗೆ ಒಪ್ಪಿಸಿ ನಾಲ್ವರೂ ಹೋದರು. ಕಂಪನಿಯ ಶೋರೂಮು ಹೈ ರೋಡಿನಲ್ಲಿತ್ತು. ಕಾಲಿಟ್ಟರೆ ಸದ್ದಾಗದ ನೆಲ, ಹೂವಿನ ವಾಸನೆ. ನಡುವೆ ಗಾಜಿನೊಳಗೆ ಊರಿನ ಮಾದರಿ: ಗೋಪುರಗಳು, ಹಸಿರು ಗಿಡ, ಬೆರಳುಗುರಿನಷ್ಟು ಪ್ಲಾಸ್ಟಿಕ್ ಜನ. ಸತ್ಯಪ್ರಕಾಶ ಬಗ್ಗಿ ನೆಲಮಹಡಿಯನ್ನು ಹುಡುಕಿದ. ಕಾಫಿ ಅಂಗಡಿ, ಜಿಮ್ಮು, ನಾಯಿಗಳಿಗೆ ಸ್ನಾನ ಮಾಡಿಸುವ ಜಾಗ. ನೀಲಿ ಸೂಟಿನ ಒಬ್ಬ ಬಂದು ಏನು ಬೇಕು ಎಂದ. ರಿಪೇರಿ, ಹೊಲಿಗೆಯ ಅಂಗಡಿಗೆ ಜಾಗ ಎಲ್ಲಿ ಎಂದು ಸತ್ಯಪ್ರಕಾಶ ಕೇಳಿದ. ಅಂಥ ಯೋಜನೆ ತನಗೆ ಗೊತ್ತಿಲ್ಲ, ಆದರೆ ಆಸಕ್ತಿ ಇದ್ದವರು ಎಲ್ಲರಂತೆ ಅರ್ಜಿ ಹಾಕಬಹುದು, ಬಾಡಿಗೆ ಮಾರುಕಟ್ಟೆಯ ದರದಂತೆ ಇರುತ್ತದೆ ಎಂದು ಅವನು ಬಹಳ ಮರ್ಯಾದೆಯಿಂದ ಹೇಳಿದ. ಸತ್ಯಪ್ರಕಾಶ ಬಗ್ಗಿದವನು ಬಗ್ಗಿದಂತೆಯೇ ಆ ಪ್ಲಾಸ್ಟಿಕ್ ಜನರನ್ನು ನೋಡುತ್ತ ನಿಂತ.

ಅಷ್ಟರಲ್ಲಿ ನೀಲವ್ವ ಗೋಡೆಯ ಹತ್ತಿರ ಹೋಗಿದ್ದಳು. ಅಲ್ಲಿ ಬಿಳಿ ಚೌಕಟ್ಟಿನೊಳಗೆ, ಗಾಜಿನ ಹಿಂದೆ, ಕೆಂಪಂಚಿನ ಒಂದು ಖಣ. ಪಕ್ಕದಲ್ಲಿ ಸಣ್ಣ ಫಲಕ: ಸ್ಥಳೀಯ ಸಮುದಾಯದ ಜವಳಿ.

"ಇದು ನಂದು" ಎಂದಳು ನೀಲವ್ವ.

ಸೃಷ್ಟಿ ವಿಚಾರಿಸಿದಳು. ನೀಲಿ ಸೂಟಿನವನು ನಗುತ್ತಲೇ ವಿವರಿಸಿದ. ಕೆಲಸಗಾರರು ನಿವಾಸಿಗಳಿಂದ ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ, ಅದು ನಿಯಮ; ಬೆಥನಿ ಅದನ್ನು ಆಫೀಸಿಗೆ ಒಪ್ಪಿಸಬೇಕಾಯಿತು. ಚೆಂದವಿತ್ತು ಎಂದು ಚೌಕಟ್ಟು ಹಾಕಿಸಿದೆವು. ಬೆಥನಿ ಈಗ ಹೆರಿಗೆ ರಜೆಯಲ್ಲಿದ್ದಾಳೆ. ಬೇಲಿಯ ಫೋಟೊ? ಅದಕ್ಕೆ ಅಜ್ಜಿಯವರ ಸಹಿ ಇದೆಯಲ್ಲ.

ಸೃಷ್ಟಿ ಅರ್ಧ ಹೇಳುವಷ್ಟರಲ್ಲೇ ನೀಲವ್ವನಿಗೆ ತಿಳಿಯಿತು. ಇಷ್ಟು ವಾರ ಬಾಯಿ ಬಿಗಿದುಕೊಂಡಿದ್ದವಳು ಆ ಗಾಜಿನ ಮೇಲೆ ಬೆರಳಿಟ್ಟು ಅವನ ಮುಖ ನೋಡಿದಳು. ದನಿ ಏರಲಿಲ್ಲ.

"ಬಸರಿ ಉಡಿಯಾಗ ಹಾಕಿದ್ದನ್ನ ಇಸಕೊಂಡೀರಿ. ಹೊಟ್ಟಿಗೆ ಹರಸಿದ್ದನ್ನ ತಂದು ಕಟ್ಟಡಕ್ಕ ಹಚ್ಚೀರಿ. ನಿಮಗ ಮನ್ಯಾಗ ಹೆಣ್ಣುಮಕ್ಕಳು ಇಲ್ಲೇನ್ರಿ?"

ಅವನು ಸೃಷ್ಟಿಯ ಕಡೆ ತಿರುಗಿದ. ಸೃಷ್ಟಿಗೆ ಅದನ್ನು ಇಂಗ್ಲಿಷಿಗೆ ತರಲು ಬಾಯಿ ಬರಲಿಲ್ಲ. "ನಡೀರಿ" ಎಂದ ಸತ್ಯಪ್ರಕಾಶ. ಅವನ ಕಿವಿ ಕೆಂಪಾಗಿತ್ತು. ಆರ್ಕೇಡಿನ ಬಾಯಿಗೆ ಬಂದಾಗ, "ನಾಯಿಗೆ ಜಳಕ ಮಾಡಸಾಕ ಜಾಗ ಐತಿ" ಎಂದು ತನ್ನಷ್ಟಕ್ಕೆ ಅಂದ.

ಭುವನೇಶ್ವರಿ ಮನೆಗೆ ಹೋಗಲಿಲ್ಲ. ನೆಟ್ಟಗೆ ಫರೀದಾಳ ಅಂಗಡಿಗೆ ನುಗ್ಗಿದಳು. ಗಿರಾಕಿಗಳಿದ್ದರು, ಇರಲಿ ಎಂದುಕೊಂಡಳು. ಶ್ರಾವಣದ ಶುಕ್ರವಾರದಿಂದ ಗೋಡೆಯ ಖಣದವರೆಗೆ, ಗಂಡ ಅಂಗಡಿಯ ಆಸೆಗೆ ಬಾಯಿ ಮುಚ್ಚಿಕೊಂಡಿದ್ದನ್ನೂ ಸೇರಿಸಿ, ಒಂದನ್ನೂ ಬಿಡದೆ ಹೇಳಿದಳು. ಹಿಂದಿ ಸಾಲದ ಕಡೆ ಕನ್ನಡ ಹಾಕಿದಳು. ಫರೀದಾ ಲೇಸು ಅಳೆಯುತ್ತಲೇ ಕೇಳಿದಳು. ಕೇಳಿ ಮುಗಿದ ಮೇಲೆ, ನಾನು ನಂಬುತ್ತೇನೆ, ಆದರೆ ನಾನೊಬ್ಬಳು ನಂಬಿದರೆ ಏನಾಯಿತು, ಮುಂದಿನ ವಾರ ಕೌನ್ಸಿಲ್ ಸಭೆ ಇದೆ, ನಿನ್ನ ಅತ್ತೆ ಅಲ್ಲಿ ತಮ್ಮ ಬಾಯಿಂದ ಹೇಳಲಿ ಎಂದಳು.

ಸಭೆಯ ದಿನ ನೀಲವ್ವ ಇಳಕಲ್ ಸೀರೆ ಉಟ್ಟಳು. ಎಷ್ಟು ಹೊತ್ತಾಗುತ್ತದೋ ಎಂದು ಬುತ್ತಿ ಕಟ್ಟಿಕೊಂಡಳು. ಅಬೆನಾ, ಕ್ಷೌರದವನು, ಫೋನ್ ಅಂಗಡಿಯವರು ಎಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಇವರಿಗೆ ಯಾರೂ ಜಾಗ ಮಾಡಲಿಲ್ಲ. ಹಿಂದೆ ಕೂತರು.

ಕಂಪನಿಯ ಪರವಾಗಿ ಮಾತಾಡಲು ನಿಂತವನು ಅದೇ ನೀಲಿ ಸೂಟಿನವನು. ಜನರ ಜೊತೆ ಎಷ್ಟು ಬೆರೆತು ಕೆಲಸ ಮಾಡಿದ್ದೇವೆ ಎಂದು ಹೇಳುತ್ತ ಪರದೆಯ ಮೇಲೆ ಚಿತ್ರ ಹಾಕಿದ. ಗೋಡೆಯ ತುಂಬ ನೀಲವ್ವ. ಮುಂದಿನ ಸಾಲಿನ ಕುತ್ತಿಗೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು.

ಆರ್ಕೇಡಿನವರ ಪರವಾಗಿ ಮಾತಾಡುವ ಸರದಿ ಫರೀದಾಳದು. ಅವಳು ಎದ್ದು, ಚಿತ್ರದಲ್ಲಿರುವವರು ಇಲ್ಲೇ ಇದ್ದಾರೆ, ನನ್ನ ಸಮಯ ಅವರಿಗೆ ಎಂದು ಕೂತುಬಿಟ್ಟಳು. ಅಧ್ಯಕ್ಷೆ ಪಕ್ಕದವನನ್ನು ಏನೋ ಕೇಳಿ, ಆಗಲಿ ಎಂದಳು.

ನೀಲವ್ವ ಮೈಕಿನ ಮುಂದೆ ನಿಂತಳು. ಪಕ್ಕಕ್ಕೆ ಸೃಷ್ಟಿ. ತುಸು ಹಿಂದೆ, ಅತ್ತೆಯ ಬ್ಯಾಗು ಹಿಡಿದು ಭುವನೇಶ್ವರಿ.

"ನಮಸ್ಕಾರ್ರೀ. ನಮ್ಮ ಮನಿಗೆ ಒಬ್ಬಾಕಿ ಬಸರಿ ಹೆಣ್ಣುಮಗಳು ಬಂದಿದ್ದಳು. ಶುಕ್ರವಾರ ಇತ್ತು. ಉಡಿ ತುಂಬಿ ಕಳಿಸೀನಿ."

ಸೃಷ್ಟಿ ಅಲ್ಲಿ ನಿಂತಳು. ಉಡಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೂ ಸಿಗಲಿಲ್ಲ. ತನ್ನ ಜಾಕೆಟ್ಟಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿ ತೋರಿಸಿದಳು. ಹೊಟ್ಟೆಯಲ್ಲಿರುವ ಮಗು ಚೆನ್ನಾಗಿರಲಿ ಎಂದು ಇದರಲ್ಲಿ ಅಕ್ಕಿ, ಕಾಯಿ ಹಾಕುತ್ತಾರೆ, ಮಗುವಿಗಾಗಿ, ಅಷ್ಟೇ ಎಂದಳು. ಸಭೆ ಸದ್ದಿಲ್ಲದೆ ಅವಳ ಜಾಕೆಟ್ಟನ್ನೇ ನೋಡಿತು.

"ಇವರ ಹೆಂಡತಿ ಬಸರಾಗಿ ಬಂದ್ರ ಆಕಿಗೂ ತುಂಬತೀನಿ" ಎಂದು ನೀಲವ್ವ ಸೂಟಿನವನ ಕಡೆ ಕೈ ಮಾಡಿದಳು. "ಆದ್ರ ನಾ ಕೊಟ್ಟಿದ್ದು ಉಡಿ. ಮನಿ ಕೊಟ್ಟಿಲ್ಲ. ಇವರ ಬೇಲಿ ಮ್ಯಾಲ ನಗಾಕತ್ತಾಳಲ್ಲ, ಆಕಿ ನಾನಲ್ಲ. ನಾ ಹಿಂಗ ಇದ್ದೀನಿ, ನೋಡ್ರಿ. ನಾ ನಗಾಕತ್ತಿಲ್ಲ."

ಸೃಷ್ಟಿ ಕೊನೆಯ ಮಾತುಗಳನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಇಟ್ಟಳು. ಒಂದೂ ತಪ್ಪಲಿಲ್ಲ. ಸೂಟಿನವನು ಪರದೆಯ ಚಿತ್ರ ತೆಗೆಯಲು ಗುಂಡಿ ಹುಡುಕಿದ. ಒತ್ತಿದ್ದು ಬೇರೆ ಗುಂಡಿ; ನೀಲವ್ವನ ನಗು ಇನ್ನಷ್ಟು ದೊಡ್ಡದಾಯಿತು. ಹಿಂದಿನಿಂದ ಸತ್ಯಪ್ರಕಾಶ ಎದ್ದು ನಿಂತು, "ಟೇಕ್ ಇಟ್ ಡೌನ್" ಎಂದ. ಮುಂದಿನ ಸಾಲಿನಿಂದ ಅಬೆನಾ ಅದನ್ನೇ ಅಂದಳು. ಆಮೇಲೆ ಯಾರು ಯಾರು ಅಂದರೋ ತಿಳಿಯಲಿಲ್ಲ.

ಸಭೆ ಒಪ್ಪಿಗೆಯನ್ನೂ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಜನಾಭಿಪ್ರಾಯ ಮತ್ತೊಮ್ಮೆ ಸರಿಯಾಗಿ ಕೇಳಿಕೊಂಡು ಬನ್ನಿ ಎಂದು ಕಂಪನಿಗೆ ಹೇಳಿ ಮುಂದಕ್ಕೆ ಹಾಕಿತು. ಹೊರಗೆ ಮೆಟ್ಟಿಲ ಮೇಲೆ ನೀಲವ್ವ ಬುತ್ತಿ ಬಿಚ್ಚಿದಳು. ಫರೀದಾ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಳು, ಖಾರಕ್ಕೆ ಕಣ್ಣು ಒರೆಸಿಕೊಂಡಳು. ಕ್ಷೌರದವನು ಶೇಖರಪ್ಪನ ತಲೆಯ ಹಿಂದಿನ ಓರೆ ಗೆರೆ ಕಂಡು, ನಾಳೆ ಬನ್ನಿ ಎಂದ. "ಅರ್ಧಕ್ಕ ರೊಕ್ಕ ತಗೊಂಡೀಯಲ್ಲ, ಉಳಿದರ್ಧ ಪುಕ್ಕಟೆ" ಎಂದು ಶೇಖರಪ್ಪ ಕನ್ನಡದಲ್ಲೇ ಹೇಳಿದ.

ಎರಡು ದಿನ ಬಿಟ್ಟು ಭುವನೇಶ್ವರಿ ಕೊತ್ತಂಬರಿಗೆ ಹೋದಳು. ಬೇಲಿಯ ಮೇಲೆ ಅತ್ತೆ ಇರಲಿಲ್ಲ. ಕಿತ್ತ ಜಾಗ ಬೆಳ್ಳಗಿತ್ತು. ಅವಳು ಎರಡು ಕಟ್ಟು ಕೊತ್ತಂಬರಿ ಕೊಂಡಳು, ಅಗತ್ಯವಿಲ್ಲದಿದ್ದರೂ ಒಂದು ಕಟ್ಟು ಪುದೀನ ಕೊಂಡಳು. ತಿರುಗಿ ಬರುವಷ್ಟರಲ್ಲಿ ಇಬ್ಬರು ಆಳುಗಳು ಏಣಿ ಹಾಕಿ ಆ ಬೆಳ್ಳಗಿನ ಜಾಗಕ್ಕೆ ಹೊಸದನ್ನು ಅಂಟಿಸಿ ಇಳಿಯುತ್ತಿದ್ದರು.

ಮನೆಗೆ ಬಂದು ಅವಳು ಚೀಲ ಇಳಿಸದೆ ಹೇಳಿದಳು. ನೀಲವ್ವ ಚಪ್ಪಲಿ ಮೆಟ್ಟಿದಳು. ಇಷ್ಟು ವಾರ ತುಳಿಯದ ದಾರಿಯಲ್ಲಿ ಸೊಸೆಯ ಕೈ ಹಿಡಿದು ಬಂದು ಬೇಲಿಯ ಮುಂದೆ ನಿಂತಳು. ಹಿಂದೆಯೇ ಸತ್ಯಪ್ರಕಾಶ, ಸೃಷ್ಟಿ.

ಗೋಪುರಗಳ ನಡುವೆ ಈಗ ಇನ್ನೊಬ್ಬ ಮುದುಕಿ. ತಲೆಗೆ ಬಣ್ಣದ ಬಟ್ಟೆ ಸುತ್ತಿದ್ದಳು, ಆಫ್ರಿಕಾದ ಯಾವುದೋ ಊರಿನವಳು. ಎರಡೂ ಕೈಯಲ್ಲಿ ಅಡುಗೆಯ ಪಾತ್ರೆ ಹಿಡಿದು, ಮನೆಗೆ ಬಂದವರಿಗೆ ನೀಡುವ ಹಾಗೆ, ಬಾಯಿ ತುಂಬ ನಗುತ್ತಿದ್ದಳು. ಕೆಳಗಿನ ಅಕ್ಷರಗಳು ಅವೇ. ನೆರೆಹೊರೆಯ ಆಶೀರ್ವಾದ.

"ಆಕೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದಾಳೆ, ನೋಡಿದ್ದೇನೆ" ಎಂದು ಸೃಷ್ಟಿ ಇಂಗ್ಲಿಷಿನಲ್ಲಿ ಹೇಳಿದಳು. "ಆ ಮನೆಗಳನ್ನೂ ಮೂರನೇ ಹಂತದಲ್ಲಿ ಕೆಡವುತ್ತಾರೆ."

ನೀಲವ್ವ ಆ ಮುದುಕಿಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಆಕಿಗೆ ಇನ್ನೂ ಗೊತ್ತಿಲ್ಲ" ಎಂದಳು. "ಭುವನಾ, ಮನ್ಯಾಗ ಒಂದು ತೆಂಗಿನಕಾಯಿ ಐತಿ, ಒಂದು ಖಣ ತಗೊ. ಖಾಲಿ ಕೈಲೆ ಹೋಗೋದು ಬ್ಯಾಡ. ಸತ್ಯಾ, ಫರೀದಾನ್ನ ಕರಿ."

ಸೃಷ್ಟಿ ಆಗಲೇ ಬೇಲಿಯ ಚಿತ್ರ ತೆಗೆಯಲು ಫೋನು ಎತ್ತಿದ್ದಳು.

"ನೀನೂ ಬಾ ತಂಗಿ, ಮಾತಾಡಾಕ ಬೇಕು" ಎಂದಳು ನೀಲವ್ವ. "ಫೋನ್ ಮನ್ಯಾಗ ಇಟ್ಟು ಬಾ."